ಓದುಗರ ಪ್ರಶ್ನೆ, ನಮ್ಮ ಉತ್ತರ: ಪೇಪರ್ ವಾಪಸ್ ಆಗೋದು ಯಾವಾಗ, ದೂರು ಕೊಡೋದು ಯಾರಿಗೆ?

ಹೋದ ಸಂಚಿಕೇಲಿ ರಿಸರ್ಚ್ ಪೇಪರ್‌ಗಳನ್ನ ಜರ್ನಲ್‌ಗಳು ವಾಪಸ್ ತಗೊಳ್ಳೋದರ ಬಗ್ಗೆ, ಅಂದ್ರೆ ರಿಟ್ರಾಕ್ಷನ್ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ವಿ. ಅದಕ್ಕೆ ಪತ್ರಗಳು ಚೆನ್ನಾಗೇ ಬಂದವು, ಬಹಳಷ್ಟು ಪಿಎಚ್‌ಡಿ ಮಾಡ್ತಿರೋರದ್ದು, ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿದಾರೆ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ತೆಗೆದ ಡೇಟಾ ಇಟ್ಕೊಂಡು ನಮ್ಮ ಗೈಡ್ ಪೇಪರ್ ಪಬ್ಲಿಷ್ ಮಾಡಿದಾರೆ, ನನ್ನ ಹೆಸರೇ ಇಲ್ಲ, ಲ್ಯಾಬಿಗೆ ಕಾಲೇ ಇಡದ ಒಬ್ಬರ ಹೆಸರು ಇದೆ. ಜರ್ನಲ್‌ಗೆ ದೂರು ಕೊಟ್ರೆ ಪೇಪರ್ ವಾಪಸ್ ತೆಗೀತಾರಾ? (ಪಿಎಚ್‌ಡಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ತೆಗೆಯೋ ಸಾಧ್ಯತೆ ಕಮ್ಮಿ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಬಹಳ ಜನ ಅದೊಂದೇ ಆಸೆ ಇಟ್ಕೊಂಡು ಬರೀತಾರೆ. ಪೇಪರ್ ಪ್ರಕಟಣೆಯ ನೀತಿ ನಿಯಮ ರೂಪಿಸೋ ಕೋಪ್ ಅಂತ ಒಂದು ಸಂಸ್ಥೆ ಇದೆ, 1997ರಲ್ಲಿ ಬ್ರಿಟನ್ನಿನ ಕೆಲವು ಮೆಡಿಕಲ್ ಜರ್ನಲ್ ಎಡಿಟರ್‌ಗಳು ಸೇರಿ ಶುರು ಮಾಡಿದ್ದು, ಈಗ ಸಾವಿರಾರು ಜರ್ನಲ್‌ಗಳು ಅದರ ನಿಯಮದ ಪ್ರಕಾರ ನಡ್ಕೊಳ್ತೀವಿ ಅಂತ ಒಪ್ಕೊಂಡಿವೆ. ಪೇಪರ್‌ನ ಫಲಿತಾಂಶದ ಮೇಲೆ ಅನುಮಾನ ಇಲ್ಲದೆ, ಜಗಳ ಬರೀ ಹೆಸರಿನದ್ದಾದ್ರೆ ಸಾಮಾನ್ಯವಾಗಿ ರಿಟ್ರಾಕ್ಷನ್ ಬೇಡ, ತಿದ್ದುಪಡಿ ಹಾಕಿದ್ರೆ ಸಾಕು ಅನ್ನೋದು ಅವರ ಮಾತು. ನಿಮಗೂ ಬೇಕಾಗಿರೋದು ಅದೇ ಅಲ್ವಾ? ನಿಮ್ಮ ಕೆಲಸ ಅಳಿಸಿ ಹೋದ್ರೆ ನಿಮಗೇನು ಸಿಕ್ತು, ಅದರ ಮೇಲೆ ನಿಮ್ಮ ಹೆಸರು ಬರ್ಬೇಕು.

ಇನ್ನು ಯಾರು ಆಥರ್, ಯಾರು ಅಲ್ಲ ಅನ್ನೋದಕ್ಕೆ ಮೆಡಿಕಲ್ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹಾಕಿದೆ, ಬೇರೆ ವಿಷಯದ ಜರ್ನಲ್‌ಗಳೂ ಇದನ್ನ ಬಳಸ್ತವೆ: ಕೆಲಸದಲ್ಲಿ ನಿಜವಾದ ಪಾಲು ಇರ್ಬೇಕು, ಬರೆಯೋದ್ರಲ್ಲೋ ತಿದ್ದೋದ್ರಲ್ಲೋ ಕೈ ಇರ್ಬೇಕು, ಕೊನೇ ರೂಪ ಓದಿ ಒಪ್ಪಿರ್ಬೇಕು, ಮುಂದೆ ಪ್ರಶ್ನೆ ಬಂದ್ರೆ ಹೊಣೆ ಹೊರ್ಬೇಕು. ನಾಲ್ಕೂ ಬೇಕು, ಒಂದಿದ್ರೆ ಸಾಲದು. ಗ್ರಾಂಟ್ ತಂದ್ರು, ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಅನ್ನೋ ಕಾರಣಕ್ಕೆ ಹೆಸರು ಹಾಕೋ ಹಾಗಿಲ್ಲ. ಹಾಗೇನೇ, ಡೇಟಾ ತೆಗೆದೋರನ್ನ ಬರೆಯೋ ಹೊತ್ತಿಗೆ ಹೊರಗಿಟ್ಟು ಆಮೇಲೆ "ನೀವು ಬರೆದೇ ಇಲ್ಲವಲ್ಲ" ಅನ್ನೋದಕ್ಕೂ ಆ ನಿಯಮದಲ್ಲಿ ಅವಕಾಶ ಇಲ್ಲ, ಬರೆಯೋ ಅವಕಾಶ ಅವರಿಗೂ ಕೊಡ್ಬೇಕು ಅಂತ ಸ್ಪಷ್ಟವಾಗೇ ಇದೆ.

ಆದ್ರೆ ತೀರ್ಪು ಕೊಡೋದು ಎಡಿಟರ್ ಅಲ್ಲ. ರಾತ್ರಿ ಹನ್ನೊಂದಕ್ಕೆ ನಿಮ್ಮ ಲ್ಯಾಬಲ್ಲಿ ಮಷಿನ್ ಮುಂದೆ ಕೂತಿದ್ದೋರು ಯಾರು ಅಂತ ಅವರಿಗೆ ತಿಳಿಯೋಕೆ ದಾರಿನೇ ಇಲ್ಲ, ಹಾಗಾಗಿ ನಿಮ್ಮ ದೂರನ್ನ ಅವರು ನಿಮ್ಮ ವಿಶ್ವವಿದ್ಯಾಲಯಕ್ಕೆ ಕಳಿಸ್ತಾರೆ, ವಿಚಾರಣೆ ಅಲ್ಲೇ ಆಗ್ಬೇಕು. ಇಲ್ಲೇ ನಮ್ಮ ಕಡೆ ಎಷ್ಟೋ ಕೇಸು ನಿಂತು ಹೋಗೋದು, ಯಾಕಂದ್ರೆ ಯಾರ ಮೇಲೆ ದೂರೋ ಅವರೇ ಥೀಸಿಸ್‌ಗೆ ಸಹಿ ಹಾಕೋರು. ಅದಕ್ಕೇ ನಿಮ್ಮ ಪತ್ರದಲ್ಲಿ "ಮೋಸ", "ಕಳ್ಳತನ" ಅನ್ನೋ ಮಾತು ಒಂದೂ ಬೇಡ. ಪೇಪರ್‌ನ ಇಂಥ ಚಿತ್ರ, ನನ್ನ ನೋಟ್‌ಬುಕ್ಕಿನ ಇಂಥ ಪುಟ, ಈ ತಾರೀಕು, ರಾ ಫೈಲಿನ ಹೆಸರು ಇದು, ಇದನ್ನ ಗೈಡ್‌ಗೆ ಮೇಲ್ ಮಾಡಿದ ದಿನ ಇದು, ಇಷ್ಟೇ ಇರ್ಲಿ, ಒಂದು ಪುಟ ದಾಟದೆ. ಮೊದಲು ಗೈಡ್‌ಗೇ ಲಿಖಿತವಾಗಿ ಕೇಳಿ, ಉತ್ತರ ಬರದಿದ್ರೂ ಕೇಳಿದ್ದಕ್ಕೆ ದಾಖಲೆ ಆಗತ್ತೆ. ಈಗ ದೂರು ಕೊಡೋಕೆ ಧೈರ್ಯ ಸಾಲ್ತಿಲ್ಲ ಅಂದ್ರೆ ಅದರಲ್ಲಿ ತಪ್ಪಿಲ್ಲ, ಆದ್ರೆ ನೋಟ್‌ಬುಕ್, ಫೈಲು, ಮೇಲ್ ಎಲ್ಲದರ ಕಾಪಿ ಇವತ್ತೇ ಮಾಡಿಟ್ಕೊಳ್ಳಿ, ಲ್ಯಾಬಿನ ಕಂಪ್ಯೂಟರ್ ನಾಳೆ ನಿಮ್ಮ ಕೈಗೆ ಸಿಗದೇ ಹೋಗ್ಬಹುದು. ವರ್ಷಗಳು ಕಳೆದ ಮೇಲೂ ಆಥರ್ ಪಟ್ಟಿ ತಿದ್ದಿರೋ ಪೇಪರ್‌ಗಳಿವೆ.

ಪ್ರಶ್ನೆ: ಮಕ್ಕಳ ಲಸಿಕೆಯಿಂದ ಆಟಿಸಂ ಬರತ್ತೆ ಅಂದ ಪೇಪರ್ ಸುಳ್ಳು ಅಂತ ವಾಪಸ್ ತಗೊಳ್ಳೋಕೆ ಅಷ್ಟು ವರ್ಷ ಯಾಕೆ ಬೇಕಾಯ್ತು? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಈ ಪ್ರಶ್ನೆ ನನ್ನನ್ನೂ ಬಹಳ ಕಾಡತ್ತೆ ಸರ್. ಲ್ಯಾನ್ಸೆಟ್ ಅನ್ನೋ ಬ್ರಿಟನ್ನಿನ ಮೆಡಿಕಲ್ ಜರ್ನಲ್‌ನಲ್ಲಿ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಆ ಪೇಪರ್ ಬಂದಿದ್ದು 1998ರ ಫೆಬ್ರವರಿ, ಅದರಲ್ಲಿದ್ದಿದ್ದು ಬರೀ 12 ಮಕ್ಕಳು. ಬ್ರಿಯಾನ್ ಡೀರ್ ಅನ್ನೋ ಪತ್ರಕರ್ತ ಬೆನ್ನು ಹತ್ತಿ, ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕ್ತಿದ್ದ ವಕೀಲರ ದುಡ್ಡು ಇದರ ಹಿಂದೆ ಇತ್ತು ಅಂತ 2004ರಲ್ಲಿ ಬಯಲಿಗೆಳೆದ. ಅದೇ ವರ್ಷ 13 ಆಥರ್‌ಗಳಲ್ಲಿ 10 ಜನ ಆ ತೀರ್ಮಾನದಿಂದ ಹಿಂದೆ ಸರಿದ್ರು. ಆದ್ರೂ ಪೂರ್ತಿ ಪೇಪರ್ ವಾಪಸ್ ಆಗಿದ್ದು 2010ರ ಫೆಬ್ರವರಿ 2ಕ್ಕೆ, ಬ್ರಿಟನ್ನಿನ ವೈದ್ಯಕೀಯ ಮಂಡಳಿಯ ವಿಚಾರಣೇಲಿ ತಪ್ಪು ಸಾಬೀತಾದ ಮೇಲೆ. ಅಂದ್ರೆ 12 ವರ್ಷ. ಅಷ್ಟರಲ್ಲಿ ಬ್ರಿಟನ್ನಲ್ಲಿ ಲಸಿಕೆ ಹಾಕಿಸೋದು ಕುಸಿದು ದಡಾರ ಮತ್ತೆ ಬಂದಿತ್ತು, ಆ ಭಯ ನಮ್ಮೂರ ವಾಟ್ಸಾಪ್ ತನಕ ಈಗಲೂ ಓಡಾಡ್ತಿದೆ.

ಅದೇ ಲ್ಯಾನ್ಸೆಟ್ 2020ರಲ್ಲಿ ಏನ್ ಮಾಡ್ತು ನೋಡಿ. ಮೇ 22ಕ್ಕೆ ಮಲೇರಿಯಾಕ್ಕೆ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಬಗ್ಗೆ ಒಂದು ಪೇಪರ್ ಬಂತು, ಅದನ್ನ ತಗೊಂಡ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಅಂತ, 671 ಆಸ್ಪತ್ರೆಗಳ 96,000 ಕೋವಿಡ್ ರೋಗಿಗಳ ಡೇಟಾ ಅಂತ, ಸರ್ಜಿಸ್ಫಿಯರ್ ಅನ್ನೋ ಸಣ್ಣ ಕಂಪನಿ ಕೊಟ್ಟಿದ್ದು. ಅದನ್ನ ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪ್ರಯೋಗವನ್ನೇ ನಿಲ್ಲಿಸಿತು. ಆದ್ರೆ ಓದಿದೋರು ಒಂದು ಅಂಕಿ ಹಿಡಿದ್ರು: ಏಪ್ರಿಲ್ 21ರ ತನಕ ಆಸ್ಟ್ರೇಲಿಯಾದಲ್ಲಿ 73 ಸಾವು ಅಂತ ಪೇಪರಲ್ಲಿತ್ತು, ಆ ದಿನಕ್ಕೆ ಇಡೀ ದೇಶದಲ್ಲಿ ಲೆಕ್ಕಕ್ಕೆ ಬಂದಿದ್ದ ಸಾವೇ 67. ಕೆಲವೇ ಆಸ್ಪತ್ರೆಗಳಲ್ಲಿ ದೇಶಕ್ಕಿಂತ ಜಾಸ್ತಿ ಸಾವು ಹೇಗಾಗತ್ತೆ? ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದ್ರು, ಹೊರಗಿನವರು ಬಂದು ಪರಿಶೀಲಿಸ್ತೀವಿ ಅಂದಾಗ ಕಂಪನಿ ಡೇಟಾ ಕೊಡಲ್ಲ ಅಂತು, ಆಥರ್‌ಗಳಲ್ಲಿ ಒಬ್ಬರಾಗಿದ್ದ ಆ ಕಂಪನಿಯ ಮುಖ್ಯಸ್ಥರನ್ನ ಬಿಟ್ಟು ಉಳಿದ ಮೂವರು ತಾವೇ ಮುಂದೆ ಬಂದು ಜೂನ್ 4ಕ್ಕೆ ಪೇಪರ್ ವಾಪಸ್ ತಗೊಂಡ್ರು. ಎರಡು ವಾರದೊಳಗೆ ಮುಗೀತು. ಮನಸ್ಸಿದ್ರೆ ಆಗತ್ತೆ. ತಡ ಆಗೋದು ಬಹಳ ಸಲ ವಿಜ್ಞಾನ ಕಷ್ಟ ಅಂತಲ್ಲ, ಕೋರ್ಟಿನ ಭಯ, ಹೆಸರಿನ ಭಯ, ಇನ್ನೊಬ್ಬರು ಮೊದಲು ಹೇಳ್ಲಿ ಅನ್ನೋ ಭಾವ. ವಿಚಾರಣೆ ಮುಗಿಯೋಕೆ ಹೊತ್ತಾಗತ್ತೆ ಅಂದ್ರೆ ಅಲ್ಲಿ ತನಕ "ಈ ಪೇಪರ್ ಬಗ್ಗೆ ಅನುಮಾನ ಇದೆ" ಅಂತ ಒಂದು ಎಚ್ಚರಿಕೆ ಟಿಪ್ಪಣಿ ಹಾಕೋ ಪದ್ಧತಿ ಇದೆ, ಅದನ್ನ ಎಡಿಟರ್‌ಗಳು ಇನ್ನೂ ಧಾರಾಳವಾಗಿ ಬಳಸ್ಬೇಕು ಅಂತ ನನಗೆ ಬಲವಾಗಿ ಅನ್ಸತ್ತೆ.

ನಮ್ಮ ದೇಶದ್ದೂ ಒಂದು ಹೇಳ್ಬೇಕು. ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಹಿಮಾಲಯದ ಪಳೆಯುಳಿಕೆ ಅಂತ ನೂರಾರು ಪೇಪರ್ ಬರೆದಿದ್ರು, ಅದರಲ್ಲಿ ಕೆಲವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದ್ದು, ಕೆಲವು ಮೊರಾಕ್ಕೋದವು ಅಂತ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಅನ್ನೋ ಜರ್ನಲ್‌ನಲ್ಲಿ ಬರೆದ್ರು. ವಿಶ್ವವಿದ್ಯಾಲಯದ ವಿಚಾರಣೆಲೂ ತಪ್ಪು ಸಾಬೀತಾಯ್ತು, ಆದ್ರೂ ಅವರು ನಿವೃತ್ತಿ ತನಕ ಕೆಲಸದಲ್ಲೇ ಇದ್ರು. ಹಿಮಾಲಯದ ಕಲ್ಲಿನ ವಯಸ್ಸು ಲೆಕ್ಕ ಹಾಕೋಕೆ ಆ ಪೇಪರ್‌ಗಳನ್ನ ನಂಬಿದ್ದೋರ ಶ್ರಮ ಎಷ್ಟು ಹಾಳಾಯ್ತು ಅಂತ ಯೋಚನೆ ಮಾಡಿದ್ರೆ ಸಂಕಟ ಆಗತ್ತೆ.

ಪ್ರಶ್ನೆ: ಎರಡು ವರ್ಷದ ಹಿಂದಿನ ನನ್ನದೇ ಪೇಪರ್‌ನಲ್ಲಿ ಲೆಕ್ಕ ತಪ್ಪಿರೋದು ಈಗ ಗೊತ್ತಾಯ್ತು, ತೀರ್ಮಾನವೇ ಬದಲಾಗತ್ತೆ. ಹೇಳಿದ್ರೆ ಕೆಲಸಕ್ಕೆ ಕುತ್ತು ಬರತ್ತಾ? (ಸಹಾಯಕ ಪ್ರಾಧ್ಯಾಪಕ, ತುಮಕೂರು)

ಉತ್ತರ: ಹೇಳಿ. ಕೋ-ಆಥರ್‌ಗಳಿಗೆ ಮೊದಲು, ಆಮೇಲೆ ಎಡಿಟರ್‌ಗೆ. ತೀರ್ಮಾನವೇ ಬದಲಾಗತ್ತೆ ಅಂದ್ರೆ ಸಣ್ಣ ತಿದ್ದುಪಡಿ ಸಾಲಲ್ಲ, ರಿಟ್ರಾಕ್ಷನ್ನೇ ಬೇಕು, ಕೆಲವು ಜರ್ನಲ್‌ಗಳು ಹಳೇದು ತೆಗೆದು ಸರಿಮಾಡಿದ್ದನ್ನ ಅದರ ಜಾಗದಲ್ಲಿ ಹಾಕೋಕೂ ಒಪ್ತವೆ. ಫ್ರಾನ್ಸಿಸ್ ಆರ್ನಾಲ್ಡ್ 2018ರಲ್ಲಿ ಕೆಮಿಸ್ಟ್ರಿ ನೊಬೆಲ್ ತಗೊಂಡೋರು, ಮರುವರ್ಷ ಸೈನ್ಸ್ ಅನ್ನೋ ಜರ್ನಲ್‌ನಲ್ಲಿ ಬಂದ ತಮ್ಮ ಪೇಪರ್ ಮತ್ತೆ ಮಾಡಿದ್ರೆ ಬರ್ತಿಲ್ಲ, ನೋಟ್‌ಬುಕ್ಕಲ್ಲಿ ದಾಖಲೆನೂ ಸರಿ ಇಲ್ಲ ಅಂತ ಗೊತ್ತಾದಾಗ 2020ರ ಜನವರಿಯಲ್ಲಿ ಟ್ವಿಟರ್‌ನಲ್ಲಿ ತಾವೇ ಹೇಳಿ ಕ್ಷಮೆ ಕೇಳಿದ್ರು. ಅವರ ಮೇಲಿನ ಗೌರವ ಹೆಚ್ಚಾಯ್ತೇ ಹೊರತು ಕಮ್ಮಿ ಆಗ್ಲಿಲ್ಲ. ನೀವು ನೊಬೆಲ್ ತಗೊಂಡೋರಲ್ಲ, ನಿಮ್ಮ ಭಯ ಬೇರೆ ಅಂತ ಗೊತ್ತು. ಅದರಲ್ಲೂ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಕೊಡೋ 2025ರ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ವಾಪಸಾದ ಪೇಪರ್‌ಗಳಿಗೆ ಮಾರ್ಕ್ ಕಳೆಯೋ ಪದ್ಧತಿ ತಂದಿದಾರೆ. ದುಡ್ಡಿಗೆ ಸುಳ್ಳು ಪೇಪರ್ ತಯಾರಿಸಿ ಮಾರೋ "ಪೇಪರ್ ಫ್ಯಾಕ್ಟರಿ"ಗಳನ್ನ ಹಿಡಿಯೋಕೆ ಅದು ಬೇಕಿತ್ತು ಸರಿ, ಆದ್ರೆ ತಾನಾಗೇ ತಪ್ಪು ಒಪ್ಕೊಂಡೋರನ್ನೂ ಸುಳ್ಳು ಡೇಟಾ ಹೆಣೆದೋರನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ನಾಳೆ ಯಾರೂ ಬಾಯಿ ಬಿಡಲ್ಲ. ಹಾಗಾಗಿ ರಿಟ್ರಾಕ್ಷನ್ ನೋಟಿಸಿನಲ್ಲಿ "ಆಥರ್‌ಗಳೇ ತಪ್ಪು ಕಂಡುಹಿಡಿದು ತಿಳಿಸಿದರು" ಅನ್ನೋ ವಾಕ್ಯ ಇರ್ಲೇಬೇಕು ಅಂತ ಎಡಿಟರ್‌ನ ಕೇಳಿ. ಯಾರು ವಾಪಸ್ ತಗೊಂಡ್ರು, ಯಾಕೆ ಅಂತ ನೋಟಿಸಿನಲ್ಲಿ ಬರೀಬೇಕು ಅಂತ ಕೋಪ್ ನಿಯಮದಲ್ಲೇ ಇದೆ.

ಪ್ರಶ್ನೆ: ನಾನು ಒಂದು ಸಣ್ಣ ಜರ್ನಲ್‌ನ ಎಡಿಟರ್. ಹೆಸರಿಲ್ಲದ ಮೇಲ್ ಒಂದು ಬಂದಿದೆ, ನಾವು ಹಾಕಿದ ಪೇಪರ್‌ನಲ್ಲಿ ಒಂದೇ ಫೋಟೋ ಎರಡು ಕಡೆ ಇದೆಯಂತೆ. ಮೂಗರ್ಜಿ ಅಂತ ಬಿಡ್ಬಹುದಾ? (ಕಲಬುರಗಿ)

ಉತ್ತರ: ಬಿಡ್ಬೇಡಿ. ಬರೆದೋರು ಯಾರು ಅಂತ ಹುಡುಕೋಕೂ ಹೋಗ್ಬೇಡಿ. ಹೆಸರಿಲ್ಲದಿದ್ರೂ ಫೋಟೋ ನಿಮ್ಮ ಕಣ್ಣ ಮುಂದೆ ಇದೆಯಲ್ಲ, ಅದನ್ನ ದೊಡ್ಡದು ಮಾಡಿ, ತಿರುಗಿಸಿ, ಕನ್ನಡಿ ಬಿಂಬದ ಥರ ಮಗುಚಿ ನೋಡಿ, ಕಾಂಟ್ರಾಸ್ಟ್ ಜಾಸ್ತಿ ಮಾಡಿ ಅಂಚಲ್ಲಿರೋ ಚುಕ್ಕೆ, ಗೀರು ಒಂದೇ ಇದೆಯಾ ಅಂತ ಹೋಲಿಸಿ. ಎಲಿಸಬೆತ್ ಬಿಕ್ ಅನ್ನೋ ಮೈಕ್ರೋಬಯಾಲಜಿಸ್ಟ್ ಹೀಗೇ ಕಣ್ಣಲ್ಲೇ 20,621 ಪೇಪರ್ ನೋಡಿ, 2016ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟ ಮಾಡಿದ ಲೆಕ್ಕದಲ್ಲಿ ಶೇ. 3.8ರಷ್ಟರಲ್ಲಿ ಇಂಥ ತೊಂದರೆ ಸಿಕ್ಕಿತ್ತು, ಅಂದ್ರೆ ನಿಮ್ಮದು ಅಪರೂಪದ ಕೇಸೇನಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಿಂದ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿ ಜರ್ನಲ್‌ನಲ್ಲಿ ಬಂದ ಒಂದು ಪೇಪರ್ ಮುಂದಿನ ವರ್ಷವೇ ವಾಪಸಾಗೋಕೆ ಕಾರಣ ಆಗಿದ್ದೂ ಪ್ರಕಟವಾದ ಪೇಪರ್‌ಗಳನ್ನ ಚರ್ಚೆ ಮಾಡೋ ಪಬ್‌ಪಿಯರ್ ತಾಣದಲ್ಲಿ ಜನ ಚಿತ್ರಗಳ ಬಗ್ಗೆ ಎತ್ತಿದ ಪ್ರಶ್ನೆಗಳೇ.

ಅನುಮಾನ ನಿಜ ಅನ್ಸಿದ್ರೆ ಆಥರ್‌ಗೆ ಬರೆದು ಒರಿಜಿನಲ್ ಫೈಲ್ ಕೇಳಿ, ಬರೆಯುವಾಗ ಆರೋಪದ ಧಾಟಿ ಬೇಡ, ಗಡುವು ಮಾತ್ರ ಇರ್ಲಿ. ಎಲ್ಲ ಆಥರ್‌ಗಳಿಗೂ ಕಳಿಸಿ, ಒಬ್ಬರಿಗೇ ಕಳಿಸಿದ್ರೆ ಉಳಿದೋರಿಗೆ ಗೊತ್ತೇ ಆಗಲ್ಲ. ಉತ್ತರ ಒಪ್ಪೋ ಹಾಗಿಲ್ಲದಿದ್ರೆ ಅವರ ಸಂಸ್ಥೆಗೆ ಬರೀರಿ, ಅವರೂ ಸುಮ್ಮನಿದ್ರೆ ನಿಮ್ಮ ಜರ್ನಲ್‌ನ ಓದುಗರಿಗೆ ಎಚ್ಚರಿಕೆ ಟಿಪ್ಪಣಿ ಹಾಕಿ. ಆಥರ್ ನಿಮ್ಮ ಸ್ನೇಹಿತರೋ ನಿಮ್ಮದೇ ಕಾಲೇಜಿನವರೋ ಆಗಿದ್ರೆ ಈ ಕೇಸ್ ಇನ್ನೊಬ್ಬ ಎಡಿಟರ್ ಕೈಗೆ ಕೊಡಿ.

ಪ್ರಶ್ನೆ: ಸುಳ್ಳು ಅಂತ ಗೊತ್ತಾದ ಪೇಪರನ್ನ ಪೂರ್ತಿ ಡಿಲೀಟ್ ಮಾಡ್ಬಾರ್ದಾ? (ಹುಬ್ಬಳ್ಳಿ)

ಉತ್ತರ: ಅದನ್ನ ನಂಬಿ ಬೇರೆಯವರು ಬರೆದಿರ್ತಾರೆ, ಅವರ ಆಧಾರ ಏನಿತ್ತು ಅಂತ ಮುಂದಿನವರು ನೋಡೋಕಾದ್ರೂ ಅದು ಇರ್ಬೇಕು. ಪ್ರತಿ ಪುಟದ ಮೇಲೂ ಎದ್ದು ಕಾಣೋ ಮುದ್ರೆ, ಜೊತೆಗೆ ದುಡ್ಡು ಕೊಡದೆ ಓದೋಕಾಗೋ ನೋಟಿಸ್, ಇದು ಪದ್ಧತಿ. ಯಾರದ್ದೋ ಖಾಸಗಿ ಮಾಹಿತಿ ಇದ್ರೆ, ಜೀವಕ್ಕೆ ಅಪಾಯ ಇದ್ರೆ, ಕೋರ್ಟ್ ಹೇಳಿದ್ರೆ ಮಾತ್ರ ಪೂರ್ತಿ ತೆಗೀತಾರೆ.

ಪ್ರಶ್ನೆ: ಕೃತಿಚೌರ್ಯ ಪತ್ತೆ ಹಚ್ಚೋ ಸಾಫ್ಟ್‌ವೇರ್‌ನಲ್ಲಿ ನನ್ನ ಥೀಸಿಸ್‌ಗೆ 9% ಹೋಲಿಕೆ ಬಂತು, ಇನ್ನು ಭಯ ಇಲ್ಲ ಅಲ್ವಾ? (ಶಿವಮೊಗ್ಗ)

ಉತ್ತರ: ವಿಶ್ವವಿದ್ಯಾಲಯಗಳ ಅನುದಾನ ಆಯೋಗ, ಅಂದ್ರೆ ಯುಜಿಸಿಯ 2018ರ ನಿಯಮದಲ್ಲಿ 10% ತನಕ ದಂಡ ಇಲ್ಲ, ನಿಜ. ಆದ್ರೆ ಸಾಫ್ಟ್‌ವೇರ್ ನೋಡೋದು ಪದಗಳ ಹೋಲಿಕೆ ಅಷ್ಟೇ, ಬೇರೆಯವರ ಡೇಟಾ, ಐಡಿಯಾ ಎತ್ತಿದ್ರೆ 0% ಕೂಡ ಬರ್ಬಹುದು. ಆ 9% ಎಲ್ಲಿದೆ ಅಂತ ತೆಗೆದು ನೋಡಿ.

ಪ್ರಶ್ನೆ: ದುಡ್ಡು ಕೊಟ್ರೆ ಸ್ಕೋಪಸ್ ಅನ್ನೋ ಪಟ್ಟಿಗೆ ಸೇರಿದ ಜರ್ನಲ್ ಪೇಪರ್‌ನಲ್ಲಿ ಹೆಸರು ಹಾಕಿಸ್ತೀವಿ ಅಂತ ವಾಟ್ಸಾಪಲ್ಲಿ ಮೆಸೇಜ್ ಬರ್ತಿದೆ. ಎಲ್ಲರೂ ಮಾಡ್ತಾರೆ ಅಂತಾರೆ. (ಬೆಂಗಳೂರು)

ಉತ್ತರ: ದಯವಿಟ್ಟು ಬೇಡ. ಅಂಥ ಪೇಪರ್‌ಗಳು ಒಂದೊಂದಾಗಿ ಸಿಕ್ಕಿ ಬೀಳಲ್ಲ, ರಾಶಿ ರಾಶಿಯಾಗಿ ಬೀಳ್ತವೆ. ಹಿಂದಾವಿ ಅನ್ನೋ ಪ್ರಕಾಶನವನ್ನ ವೈಲಿ ಕಂಪನಿ 2021ರಲ್ಲಿ ಕೊಂಡ್ಕೊಂಡಿತು, ಅದರ ವಿಶೇಷ ಸಂಚಿಕೆಗಳ ಮೂಲಕ ಇಂಥ ಫ್ಯಾಕ್ಟರಿ ಪೇಪರ್‌ಗಳು ನುಗ್ಗಿದ್ದು ಗೊತ್ತಾಗಿ 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್ ವಾಪಸಾದವು, ಕೊನೆಗೆ ಆ ಹೆಸರನ್ನೇ ಕೈಬಿಟ್ರು. ಅದರಲ್ಲಿ ಹೆಸರಿದ್ದೋರೆಲ್ಲ ಈಗ ವಾಪಸಾದ ಪೇಪರ್‌ಗಳ ಪಟ್ಟಿ ಇಡೋ ರಿಟ್ರಾಕ್ಷನ್ ವಾಚ್ ಡೇಟಾಬೇಸಲ್ಲಿದಾರೆ, 2023ರಿಂದ ಅದು ಎಲ್ಲರಿಗೂ ಫ್ರೀ, ಇಂಟರ್‌ವ್ಯೂ ಕಮಿಟಿಯವರು ನಿಮ್ಮ ಹೆಸರು ಹಾಕಿ ಹುಡುಕೋಕೆ ಒಂದು ನಿಮಿಷ ಸಾಕು. ಈಗಾಗಲೇ ದುಡ್ಡು ಕೊಟ್ಟಿದ್ದು, ಪೇಪರ್ ಇನ್ನೂ ಪ್ರಕಟ ಆಗಿಲ್ಲದಿದ್ರೆ ಎಡಿಟರ್‌ಗೆ ನೇರವಾಗಿ ಬರೆದು ಹೆಸರು ತೆಗೆಸಿ, ದುಡ್ಡು ಹೋದ್ರೆ ಹೋಗ್ಲಿ. ಪಿಎಚ್‌ಡಿಗೆ ಪೇಪರ್ ಬೇಕೇ ಬೇಕು ಅನ್ನೋ ಒತ್ತಡಕ್ಕೆ ಹೀಗೆ ಮಾಡ್ತಿದ್ರೆ ಇನ್ನೊಂದು ವಿಷಯ, ಥೀಸಿಸ್ ಕೊಡೋ ಮುಂಚೆ ಜರ್ನಲ್ ಪೇಪರ್ ಕಡ್ಡಾಯ ಅನ್ನೋದನ್ನ ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಕೊಂಡಿದೆಯಾ ಅಂತ ಪಿಎಚ್‌ಡಿ ವಿಭಾಗದಲ್ಲಿ ಲಿಖಿತವಾಗಿ ಕೇಳಿ.