ಕೆಂಪು ಮುಚ್ಚಳದ ಸಿರಿಂಜ್

ಓದುಗರ ಪತ್ರ: ನಮ್ಮೂರು ಮದ್ದೂರಿನ ಹತ್ತಿರ. ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಮುಗಿಸಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿ ಎಂಟು ತಿಂಗಳಾಯಿತು. ಸಂಬಳ 14 ಸಾವಿರ. ರಾತ್ರಿ 24 ಪೇಷೆಂಟ್‌ಗಳಿಗೆ ನಾವು ಇಬ್ಬರೇ. ಹೋದ ತಿಂಗಳು ಒಂದು ರಾತ್ರಿ ಒಬ್ಬರು ತಾತನಿಗೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಟ್ರೇನಲ್ಲಿದ್ದ ಸಿರಿಂಜ್ ತೆಗೆದುಕೊಂಡು 10ರ ಗೆರೆವರೆಗೆ ಎಳೆದೆ. ಮಂಚದ ಹತ್ತಿರ ಹೋದಾಗ ಯಾಕೋ ಅನುಮಾನ ಬಂತು. ಬಾಟಲಿ ತಿರುಗಿಸಿ ನೋಡಿದರೆ ಅದು 100ರದ್ದು, ಸಿರಿಂಜ್ 40ರದ್ದು. ಕೊಡಲಿಲ್ಲ. ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್‌ಗೆ ನಾನೇ ಹೇಳಿದೆ. ಅವರು ಪೇಷೆಂಟ್ ಕಡೆಯವರ ಮುಂದೆಯೇ, ‘ದುಡ್ಡು ಕೊಟ್ಟು ಪಾಸಾದೆಯಾ?’ ಅಂದರು. ಅವತ್ತಿನಿಂದ ಯಾರನ್ನಾದರೂ ಏನಾದರೂ ಕೇಳುವುದಕ್ಕೇ ಭಯ. ಅಮ್ಮ ಕೆಲಸ ಬಿಟ್ಟು ಬಾ ಅಂತಿದ್ದಾರೆ. ನಾನು ಈ ಕೆಲಸಕ್ಕೆ ಲಾಯಕ್ಕಾ? ಬಿಡುವುದಾದರೆ ರಾಜೀನಾಮೆ ಹೇಗೆ ಬರೆಯಬೇಕು?
– ಹೆಸರು ಬೇಡ, ಮೈಸೂರು

ಸಂಪಾದಕರ ಉತ್ತರ:

ತಂಗೀ,

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನಾನು ನರ್ಸ್ ಅಲ್ಲ. ಚೆಲುವಾಂಬ ಆಸ್ಪತ್ರೆಯಲ್ಲಿ ಹುಟ್ಟಿದ್ದು ಬಿಟ್ಟರೆ ಈ ವಿಷಯದಲ್ಲಿ ನನಗೆ ಬೇರೆ ಅರ್ಹತೆಯೇನೂ ಇಲ್ಲ. ಅದಕ್ಕೆ ನಿಮ್ಮ ಪತ್ರ ಹಿಡಿದುಕೊಂಡು ಮೂವರ ಹತ್ತಿರ ಹೋದೆ. ಒಬ್ಬರು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ದುಡಿದು, ಈಗ ಕುವೆಂಪುನಗರದಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿರುವ ಹಿರಿಯ ಸಿಸ್ಟರ್. ಇನ್ನೊಬ್ಬ ಐಸಿಯುನಲ್ಲಿ ಕೆಲಸ ಮಾಡುವ ಹುಡುಗ, ಅವನನ್ನು ಎಲ್ಲರೂ ಬ್ರದರ್ ಅನ್ನುತ್ತಾರೆ. ಮೂರನೆಯವರು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯವರು. ನಿಮ್ಮ ಗುರುತು ಸಿಗುವಂಥದ್ದನ್ನು ಯಾರಿಗೂ ಹೇಳಿಲ್ಲ.

ಹಿರಿಯ ಸಿಸ್ಟರ್ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನೇ ಕೇಳಿದರು: “ಈ ಹುಡುಗಿ ಇಂಜೆಕ್ಷನ್ ಕೊಡಲಿಲ್ಲ ತಾನೇ? ಬೆಳಿಗ್ಗೆ ತಾನಾಗಿ ಹೇಳಿದಳು ತಾನೇ? ಮತ್ತೆ ಲಾಯಕ್ಕಾ ಅಂತ ಏನು ಕೇಳೋದು ಕಣ್ರೀ!”

ಯಾಕೆ ಹಾಗಂದರು ಅನ್ನುವುದನ್ನು ಬೇರೆ ಓದುಗರಿಗೂ ಬಿಡಿಸಿ ಹೇಳುತ್ತೇನೆ. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಮುಖ್ಯವಾಗಿ ಎರಡು ಥರ ಬರುತ್ತದೆ. ಒಂದು ಮಿಲಿ ಲೀಟರ್‌ನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಸಿರಿಂಜ್‌ಗಳೂ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆ ಅಂದರೆ ಕಾಲು ಮಿಲಿ ಲೀಟರ್. 100ರ ಬಾಟಲಿಯಿಂದ ಅಷ್ಟು ಎಳೆದರೆ ಒಳಗೆ ಬರುವುದು 10 ಯೂನಿಟ್ ಅಲ್ಲ, 25. ಎರಡೂವರೆ ಪಟ್ಟು. ರಾತ್ರಿ ಮಲಗಿರುವ ವಯಸ್ಸಾದವರಿಗೆ ಅಷ್ಟು ಹೋದರೆ ಸಕ್ಕರೆ ತೀರಾ ಇಳಿದು ಮೈ ಬೆವರಬಹುದು, ಪ್ರಜ್ಞೆ ತಪ್ಪಬಹುದು. ನೋಡಿದವರು ತಾತ ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದೇ ಇದರಲ್ಲಿರುವ ದೊಡ್ಡ ಅಪಾಯ. ನೀವು ಮಂಚದ ಪಕ್ಕ ನಿಂತು ಬಾಟಲಿ ತಿರುಗಿಸಿ ನೋಡಿದಿರಲ್ಲ, ಆ ತಾತ ಬೆಳಿಗ್ಗೆ ಎದ್ದು ಕಾಫಿ ಕೇಳಿದ್ದು ಅದರಿಂದ.

ನನಗೆ ಯೋಚನೆ ಹತ್ತಿದ್ದು ನಿಮ್ಮ ಪತ್ರದ ಇನ್ನೊಂದು ಸಾಲಿನಿಂದ. ‘ಯಾರನ್ನಾದರೂ ಏನಾದರೂ ಕೇಳುವುದಕ್ಕೇ ಭಯ’ ಎಂದು ಬರೆದಿದ್ದೀರಿ. ಮೂವರೂ ಬೆರಳಿಟ್ಟಿದ್ದು ಅಲ್ಲೇ. ಗೊತ್ತಿಲ್ಲದ ನರ್ಸ್‌ನಿಂದ ವಾರ್ಡಿಗೆ ಅಂಥ ತೊಂದರೆಯಿಲ್ಲವಂತೆ. ಗೊತ್ತಿಲ್ಲದಿದ್ದರೂ ಕೇಳದೆ ಸುಮ್ಮನಿರುವವರನ್ನು ಕಂಡರೆ ಅವರಿಗೆಲ್ಲ ಭಯ.

ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವಾಗ ಮುಖ್ಯವಾದ ಪುಟಗಳಿಗೆ ಇಬ್ಬರು ಕೂರುತ್ತೇವೆ. ಒಬ್ಬರು ಜೋರಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಿನ ಹಾಳೆ ನೋಡುತ್ತಾರೆ. ಬರೆದವನ ಕಣ್ಣಿಗೆ ಅವನ ತಪ್ಪು ಕಾಣುವುದಿಲ್ಲ. ಕಣ್ಣು ಅಲ್ಲಿರುವುದನ್ನು ಓದುವ ಬದಲು, ಇರಬೇಕಾದದ್ದನ್ನು ಓದಿಬಿಡುತ್ತದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವರಿಗೂ ಇಬ್ಬರು ಬೇಕು, ಅದರಲ್ಲಿ ಅವಮಾನ ಏನೂ ಇಲ್ಲ. ಇದನ್ನು ಐಸಿಯು ಬ್ರದರ್‌ಗೆ ಹೇಳಿದೆ. ನಕ್ಕು, “ನಮ್ಮಲ್ಲೂ ಅದೇ ಸಾರ್, ಡಬಲ್ ಚೆಕ್” ಅಂದ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಈ ಮೂರನ್ನು ಮುಟ್ಟುವಾಗ ಅವನು ಪಕ್ಕದವರನ್ನು ಕರೆದೇ ಕರೆಯುತ್ತಾನೆ. ಪೊಟ್ಯಾಸಿಯಂ ಅನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯವೇ ನಿಂತು ಹೋಗಬಹುದು. “ನಾನು ‘ಇದು ಸರಿನಾ ಸಿಸ್ಟರ್?’ ಅಂತ ಕೇಳಲ್ಲ. ‘ಸಿಸ್ಟರ್, ಡಬಲ್ ಚೆಕ್’ ಅಂತೀನಿ, ಅಷ್ಟೇ. ಕೇಳಿದರೆ ನನಗೆ ಗೊತ್ತಿಲ್ಲ ಅಂತ ಆಗುತ್ತೆ. ಹೀಗಂದರೆ ಅದು ರೂಲು.” ಈ ಜಾಣತನ ನನಗೆ ತುಂಬಾ ಹಿಡಿಸಿತು. ನಿಮ್ಮ ಜೊತೆ ರಾತ್ರಿ ಇರುವ ಇನ್ನೊಬ್ಬ ಹುಡುಗಿಯ ಜೊತೆ ಇವತ್ತೇ ಮಾತಾಡಿ ಇದನ್ನು ಶುರು ಮಾಡಬಹುದು. ಯಾರ ಅಪ್ಪಣೆಯೂ ಬೇಕಾಗಿಲ್ಲ.

ತಾಲ್ಲೂಕು ಆಸ್ಪತ್ರೆಯವರು ಹೇಳಿದ್ದು ಪಕ್ಕಾ ನಮ್ಮ ಕಡೆಯ ವಿಷಯ. “ಮಂಡ್ಯ ಕಡೆ ವಾರ್ಡಿನಲ್ಲಿ ಒಂದೇ ದಿನ ಮೂರು ಜನ ಜಯಮ್ಮ ಇರ್ತಾರೆ. ‘ನೀವು ಜಯಮ್ಮನಾ?’ ಅಂದರೆ ಕಿವಿ ಕೇಳದ ನಿಂಗಮ್ಮನೂ ‘ಹ್ಞೂಂ ಕಣವ್ವ’ ಅಂತಾರೆ.” ಅದಕ್ಕೆ ಅವರು ಹೆಸರನ್ನು ತಾವು ಹೇಳುವುದಿಲ್ಲ, ಅವರ ಬಾಯಿಂದಲೇ ಹೇಳಿಸುತ್ತಾರೆ. ‘ನಿಮ್ಮ ಹೆಸರೇನವ್ವ? ಯಾವೂರು? ಯಜಮಾನರ ಹೆಸರೇನು?’ ಆಮೇಲೆ ಕೇಸ್ ಶೀಟ್ ನೋಡುತ್ತಾರೆ. ಮಂಚದ ನಂಬರ್ ನಂಬುವುದಿಲ್ಲ, ಫ್ಯಾನ್ ಗಾಳಿ ಬರಲ್ಲ ಅಂತ ಅಜ್ಜಿಯರು ತಾವೇ ಮಂಚ ಬದಲಾಯಿಸಿಕೊಂಡಿರುತ್ತಾರೆ!

ರಾತ್ರಿ ಡಾಕ್ಟರ್ ಫೋನಿನಲ್ಲಿ ಔಷಧಿ ಹೇಳಿದರೆ ಏನು ಮಾಡಬೇಕು ಅಂತಲೂ ಹಿರಿಯ ಸಿಸ್ಟರ್ ಹೇಳಿದರು. ಕೇಳಿದ್ದನ್ನು ಬರೆದುಕೊಂಡು ಅವರಿಗೇ ವಾಪಸ್ ಓದಿ ಹೇಳಿ. ಪೇಷೆಂಟ್ ಹೆಸರು, ಔಷಧಿ, ಎಷ್ಟು, ಯಾವ ದಾರಿಯಲ್ಲಿ (ಬಾಯಿಗಾ, ಇಂಜೆಕ್ಷನ್ನಾ), ಎಷ್ಟು ಹೊತ್ತಿಗೆ. ‘ಹೌದು’ ಎನ್ನುವವರೆಗೆ ಫೋನ್ ಇಡಬೇಡಿ. ಟೈಮ್ ಹಾಕಿ, ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಸಹಿ ಮಾಡಿಸಿಕೊಳ್ಳಿ. ಅವರು ಗೊಣಗಿದರೆ ಗೊಣಗಲಿ. ಬರೆಯದೇ ಇರುವ ಕೆಲಸ ನಾಳೆ ಮಾಡದೇ ಇರುವ ಕೆಲಸವಾಗುತ್ತದೆ, ತಪ್ಪಾದಾಗ ಮಾತ್ರ ನೀವು ಮಾಡಿದ್ದೇ ಆಗುತ್ತದೆ!

ಇನ್ನು ಬೈದ ವಿಚಾರ. ಈ ಪುಟವನ್ನು ಇನ್‌ಚಾರ್ಜ್ ಸಿಸ್ಟರ್‌ಗಳೂ ಓದುತ್ತಾರೆ, ಅವರಿಗೂ ಸೇರಿಸಿ ಹೇಳುತ್ತಿದ್ದೇನೆ. ತಾನಾಗಿ ಬಂದು ತಪ್ಪು ಹೇಳಿದವಳನ್ನು ಹತ್ತು ಜನರ ಮುಂದೆ ಬೈದರೆ, ಮುಂದಿನ ಸಲ ಆ ವಾರ್ಡಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ತಪ್ಪೇನೂ ಕಮ್ಮಿಯಾಗುವುದಿಲ್ಲ, ನಿಮ್ಮ ಕಿವಿಗೆ ಬೀಳುವುದು ನಿಲ್ಲುತ್ತದೆ ಅಷ್ಟೇ. ಹಾಗೆಂದು ಅವರನ್ನು ರಾಕ್ಷಸಿ ಮಾಡುವುದಕ್ಕೂ ನನಗೆ ಮನಸ್ಸಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೋಧನಾ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ನಿಮ್ಮಲ್ಲಿ 24 ಜನಕ್ಕೆ ಇಬ್ಬರು. ಆ ಇನ್‌ಚಾರ್ಜ್ ಕೂಡ ಬೆಳಗ್ಗೆಯಿಂದ ಮೇಲಿನವರ ಹತ್ತಿರ ಬೈಸಿಕೊಂಡೇ ಬಂದಿರಬಹುದು. ಕಾರಣ ಅರ್ಥವಾಗುತ್ತದೆ, ಆದರೂ ಅವರು ಮಾಡಿದ್ದು ತಪ್ಪೇ.

ಅವರ ಹತ್ತಿರ ಮತ್ತೆ ಮಾತಾಡಬೇಕಾ? ಮಾತಾಡಬೇಕು ಅಂತ ಮೂವರೂ ಹೇಳಿದರು. ಡ್ಯೂಟಿ ಮುಗಿಯುವ ಗಡಿಬಿಡಿಯಲ್ಲಿ ಬೇಡ. ಮಧ್ಯಾಹ್ನ, ಒಬ್ಬರೇ ಇರುವಾಗ ಹೋಗಿ ಹೀಗನ್ನಿ: “ಸಿಸ್ಟರ್, ತಪ್ಪು ನನ್ನದೇ. ನೀವು ಒಳಗೆ ಕರೆದು ಬೈದರೆ ತಿದ್ದಿಕೊಳ್ಳುತ್ತೇನೆ. ಪೇಷೆಂಟ್ ಕಡೆಯವರ ಮುಂದೆ ಬೈದರೆ ನಾಳೆ ಅವರು ನನ್ನ ಕೈಯಿಂದ ಇಂಜೆಕ್ಷನ್ ಹಾಕಿಸಿಕೊಳ್ಳಲ್ಲ.” ಅಳು ಬಂದರೆ ಬರಲಿ ಬಿಡಿ.

ಸಂಬಳದ ಬಗ್ಗೆ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ, ದೂರಿಲ್ಲ. ಆದರೂ ತಿಳಿದಿರಲಿ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಸಮಿತಿ ನೇಮಿಸಲು ಹೇಳಿತ್ತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20 ಸಾವಿರಕ್ಕಿಂತ ಕಮ್ಮಿ ಕೊಡಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ, ನಿಮ್ಮ 14 ಸಾವಿರ ಬ್ಯಾಂಕಿನಲ್ಲಿದೆ. ಈ ಎರಡರ ನಡುವಿನ ದೂರ ಒಬ್ಬಳು ಹುಡುಗಿ ಒಬ್ಬಂಟಿಯಾಗಿ ಹೋಗಿ ಕೇಳಿದರೆ ಮುಗಿಯುವುದಲ್ಲ. ನಿಮ್ಮ ಬ್ಯಾಚಿನವರೆಲ್ಲ ಒಟ್ಟಾಗಿ ಬರೆದು ಕೊಡಿ.

ನೀವು ಕೇಳದೇ ಇರುವ ಒಂದು ವಿಷಯವನ್ನು ಹಿರಿಯ ಸಿಸ್ಟರ್ ಒತ್ತಾಯ ಮಾಡಿ ಬರೆಸಿದ್ದಾರೆ. ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಹೆದರಿದ ಹುಡುಗಿಯರು ಮೊದಲು ಬಚ್ಚಿಡುವುದು ಇದನ್ನೇ ಅಂತೆ. ಹಿಂಡಬೇಡಿ, ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ, ತಕ್ಷಣ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ? ಇಲ್ಲದಿದ್ದರೆ ಈ ವಾರವೇ ಹಾಕಿಸಿಕೊಳ್ಳಲು ಶುರು ಮಾಡಿ. ಬಳಸಿದ ಸೂಜಿಗೆ ವಾಪಸ್ ಮುಚ್ಚಳ ಹಾಕಬೇಡಿ, ನೇರ ಬಿಳಿ ಡಬ್ಬಕ್ಕೆ ಹಾಕಿ.

ನಿದ್ದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ನೈಟ್ ಮುಗಿಸಿ ಸ್ಕೂಟರ್ ಹತ್ತಿ ಮದ್ದೂರಿಗೆ ಹೊರಡಬೇಡಿ, ಅಷ್ಟು ಸಾಕು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗಿ. ಶಕ್ತಿ ಯೋಜನೆ ಬಂದ ಮೇಲೆ ಚಾರ್ಜಿನ ಚಿಂತೆಯೂ ಇಲ್ಲ.

ಅಮ್ಮನ ಮಾತಿಗೆ ಬರುತ್ತೇನೆ. ಅವರು ಬಿಟ್ಟು ಬಾ ಅನ್ನುತ್ತಿರುವುದು ನೀವು ಫೋನಿನಲ್ಲಿ ಅಳುವುದು ಕೇಳಿ. ಇನ್ಸುಲಿನ್ ಕಥೆಯನ್ನು ಪೂರ್ತಿ ಹೇಳಿದ್ದೀರಾ? ಬೈಸಿಕೊಂಡದ್ದು ಮಾತ್ರ ಹೇಳಿರುತ್ತೀರಿ, ಅಲ್ವಾ? ಮುಂದಿನ ಸಲ ಊರಿಗೆ ಹೋದಾಗ ಆ ತಾತನ ಮಂಚದ ಪಕ್ಕ ಏನಾಯಿತು ಅನ್ನುವುದನ್ನೂ ಹೇಳಿ.

ರಾಜೀನಾಮೆಗೆ ನಾಲ್ಕು ಸಾಲು ಸಾಕು: ಯಾವ ದಿನ ಕೊಡುತ್ತಿದ್ದೀರಿ, ನೋಟಿಸ್ ಅವಧಿ ಎಷ್ಟು, ಕೊನೆಯ ದಿನ ಯಾವುದು, ಅನುಭವ ಪತ್ರ ಬೇಕು. ಕಾರಣ ಬರೆಯಬೇಕಾಗಿಲ್ಲ. ಸೇರುವಾಗ ಮೂಲ ಅಂಕಪಟ್ಟಿ ಆಸ್ಪತ್ರೆಯವರ ಕೈಗೆ ಕೊಟ್ಟಿದ್ದರೆ ಅದನ್ನು ವಾಪಸ್ ಕೇಳುವ ಸಾಲನ್ನೂ ಸೇರಿಸಿ, ಸ್ವೀಕೃತಿಯ ಸಹಿ ಇರುವ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಇಷ್ಟು ಹೇಳಿಯೂ ನನ್ನ ಅಭಿಪ್ರಾಯ ಕೇಳಿದರೆ, ಇನ್ನು ನಾಲ್ಕು ತಿಂಗಳು ತಡೆಯಿರಿ ಎನ್ನುತ್ತೇನೆ. ಎಂಟು ತಿಂಗಳಿನ ಅನುಭವ ಪತ್ರಕ್ಕಿಂತ ಒಂದು ವರ್ಷದ್ದಕ್ಕೆ ಬೆಲೆ ಜಾಸ್ತಿ. ಅಷ್ಟರಲ್ಲಿ ಬೇರೆ ವಾರ್ಡ್ ಕೇಳಿ ನೋಡಿ. ಅದೇ ಆಸ್ಪತ್ರೆಯಲ್ಲಿ ಬೇರೆ ಇನ್‌ಚಾರ್ಜ್ ಕೈಕೆಳಗೆ ಅದೇ ಕೆಲಸ ಬೇರೆ ಥರ ಇರುತ್ತದೆ ಎಂದು ಐಸಿಯು ಬ್ರದರ್ ಹೇಳುತ್ತಾನೆ, ಅವನು ಮೂರು ವಾರ್ಡ್ ನೋಡಿದವನು.

ನಾನು ಹೊರಟು ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಿರಿಯ ಸಿಸ್ಟರ್ ಬಾಗಿಲಿನಿಂದಲೇ ಕೂಗಿದರು: “ಸಾರ್, ಒಂದು ಕೇಳಿ ಆ ಹುಡುಗಿನ. 100ರ ಬಾಟಲಿ ಇಟ್ಟಿರೋ ವಾರ್ಡಿನಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಯಾಕಿತ್ತು? ಅದು ಈಗಲೂ ಅದೇ ಟ್ರೇನಲ್ಲೇ ಇದೆಯಾ?”

ನಿಮ್ಮ ಪತ್ರ ತೆಗೆದು ಮತ್ತೆ ನೋಡಿದೆ. ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಬೈದವರೂ ಅದನ್ನು ಕೇಳಿದ ಹಾಗೆ ಕಾಣಲಿಲ್ಲ. ಇವತ್ತು ಡ್ಯೂಟಿಗೆ ಹೋದ ತಕ್ಷಣ ಆ ಟ್ರೇ ನೋಡಿ, ನಮಗೂ ಬರೆಯಿರಿ.