ಥ್ರಾಟಲ್ ಏರಿಸಿದರೆ ವಿಮಾನ ಎಡಕ್ಕೆ ಎಳೆಯುತ್ತದೆ, ಏನು ಮಾಡೋದು?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಫೋಮ್ ಬೋರ್ಡಿನಲ್ಲಿ ಆರ್.ಸಿ. (ರಿಮೋಟಿನಿಂದ ಹಾರಿಸುವ) ವಿಮಾನ ಕಟ್ಟಿದ್ದೇವೆ. ರೆಕ್ಕೆ ಮೇಲಿರುವ ಟ್ರೈನರ್ (ಕಲಿಯುವವರ ವಿಮಾನ), ರೆಕ್ಕೆಯ ತುದಿಯಿಂದ ತುದಿಗೆ 1.2 ಮೀಟರ್. 2212 ಮೋಟರ್, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 10 ಇಂಚಿನ ಪ್ರೊಪೆಲ್ಲರ್, 3 ಸೆಲ್ ಲಿಪೊ ಬ್ಯಾಟರಿ. ಮೋಟರನ್ನು ನೇರಕ್ಕೆ ಕೂರಿಸಿದ್ದೇವೆ. ಕೈಯಿಂದ ಎಸೆದ ಕೂಡಲೇ ಎಡಕ್ಕೆ ವಾಲುತ್ತದೆ, ಫುಲ್ ಥ್ರಾಟಲ್ ಕೊಟ್ಟರೆ ಮೂತಿ ಎತ್ತುತ್ತದೆ. ರಿಮೋಟಿನಲ್ಲಿ ಟ್ರಿಮ್ ಹಾಕಿ (ರಡ್ಡರ್, ಎಲಿವೇಟರ್‌ಗಳನ್ನು ಸ್ವಲ್ಪ ವಾಲಿಸಿಯೇ ಇಟ್ಟು) ಸರಿ ಮಾಡಿದರೆ, ಥ್ರಾಟಲ್ ಇಳಿಸಿದಾಗ ಬಲಕ್ಕೆ ತಿರುಗಿ ಮೂತಿ ಕೆಳಗೆ ಹಾಕುತ್ತದೆ. ಮೋಟರ್ ಓರೆ ಮಾಡಿ ಅಂತ ಒಬ್ಬರು ಹೇಳುತ್ತಾರೆ, ಬೇಡ ಅಂತ ಇನ್ನೊಬ್ಬರು. ಮಾಡುವುದಾದರೆ ಎಷ್ಟು ಡಿಗ್ರಿ?
– ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಓರೆ ಮಾಡಿ. ಟ್ರಿಮ್ ಹಾಕಿದ ಮೇಲೆ ಏನಾಯಿತು ಅಂತ ಬರೆದಿದ್ದೀರಲ್ಲ, ಕಾರಣ ಅಲ್ಲೇ ಇದೆ. ಟ್ರಿಮ್ ಯಾವುದೋ ಒಂದು ಥ್ರಾಟಲ್‌ಗೆ ಮಾತ್ರ ಹೊಂದುತ್ತದೆ. ಮೋಟರ್ ನಿಂತರೂ ರಡ್ಡರ್ (ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಬಲಕ್ಕೆ ತಿರುಗಿಯೇ ಇರುತ್ತದೆ, ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಕೆಳಗೇ ಇರುತ್ತದೆ, ಆದ್ದರಿಂದ ಆಗ ವಿಮಾನ ಉಲ್ಟಾ ಹೋಗುತ್ತದೆ. ಮೋಟರಿನ ಓರೆ ಹಾಗಲ್ಲ. ಮೋಟರ್ ಜೋರಾಗಿ ಎಳೆದಾಗ ಅದೂ ಜೋರಾಗಿ ಕೆಲಸ ಮಾಡುತ್ತದೆ, ಮೋಟರ್ ನಿಂತರೆ ಅದೂ ಸುಮ್ಮನಾಗುತ್ತದೆ.

ಎಡಕ್ಕೇ ಏಕೆ ಎಳೆಯುತ್ತದೆ? ವಿಮಾನದ ಹಿಂದೆ ನಿಂತು ನೋಡಿದರೆ ಮಾಮೂಲಿ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ. ಅದು ಬಲಕ್ಕೆ ಸುತ್ತಿದರೆ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ, ಇದೇ ಟಾರ್ಕ್. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಕೂಡ ನೇರ ಹೋಗುವುದಿಲ್ಲ, ಮೈ ಸುತ್ತ ಸುರುಳಿಯಾಗಿ ಹೋಗಿ ಬಾಲದ ಫಿನ್‌ಗೆ (ನೆಟ್ಟಗೆ ನಿಂತ ಹಲಗೆಗೆ) ಎಡಗಡೆಯಿಂದ ಬಡಿಯುತ್ತದೆ, ಬಾಲ ಬಲಕ್ಕೆ ಹೋಗಿ ಮೂತಿ ಎಡಕ್ಕೆ ತಿರುಗುತ್ತದೆ. ಮೂತಿ ಎತ್ತಿ ನಿಧಾನ ಹಾರುವಾಗ ಇನ್ನೂ ಒಂದು ಸೇರಿಕೊಳ್ಳುತ್ತದೆ. ಆಗ ಬಲಗಡೆ ಕೆಳಗಿಳಿಯುವ ಬ್ಲೇಡ್ ಗಾಳಿಯನ್ನು ಜಾಸ್ತಿ ಕೋನದಲ್ಲಿ ಕಚ್ಚುತ್ತದೆ, ಆ ಕಡೆಯ ಎಳೆತ ಹೆಚ್ಚಾಗಿ ಮೂತಿ ಮತ್ತೆ ಎಡಕ್ಕೇ. ಕೈಯಿಂದ ಎಸೆಯುವ ಹೊತ್ತಿನಲ್ಲಿ ಈ ಮೂರೂ ಒಟ್ಟಿಗೆ ಬರುತ್ತವೆ, ವೇಗ ಇರುವುದಿಲ್ಲವಾದ್ದರಿಂದ ರಡ್ಡರ್‌ಗೂ ಐಲೆರಾನ್‌ಗಳಿಗೂ (ವಿಮಾನವನ್ನು ಹೊರಳಿಸುವ ರೆಕ್ಕೆಯ ಪಟ್ಟಿಗಳು) ಬಲವೂ ಇರುವುದಿಲ್ಲ. ಅದಕ್ಕೇ ಬಹಳ ಜನರ ವಿಮಾನ ಎಸೆದ ಜಾಗದಲ್ಲೇ ಎಡಕ್ಕೆ ಮಗುಚುತ್ತದೆ.

ಆದರೆ ಮೋಟರ್ ಓರೆ ಮಾಡಲು ವಾಷರ್ ಹಾಕುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದು ಸಿ.ಜಿ., ಅಂದರೆ ವಿಮಾನದ ತೂಕ ಸಮವಾಗುವ ಜಾಗ. ನಿಮ್ಮಂಥ ಟ್ರೈನರ್‌ನಲ್ಲಿ ರೆಕ್ಕೆಯ ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆ) 25ರಿಂದ 30 ಪರ್ಸೆಂಟ್ ಜಾಗದಲ್ಲಿ ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಎರಡನೆಯದು, ಟ್ರಿಮ್ಮುಗಳನ್ನೆಲ್ಲ ಸೊನ್ನೆಗೆ ತಂದು, ಮೇಲಕ್ಕೆ ಒಯ್ದು ಮೋಟರ್ ಪೂರ್ತಿ ನಿಲ್ಲಿಸಿ ತೇಲಲು ಬಿಡಿ. ಮೋಟರ್ ಇಲ್ಲದಾಗಲೂ ಎಡಕ್ಕೆ ಹೋದರೆ ರೆಕ್ಕೆ ತಿರುಚಿಕೊಂಡಿದೆ ಅಥವಾ ಎಡಗಡೆ ಭಾರ ಇದೆ ಅಂತ ಅರ್ಥ, ಮೊದಲು ಅದನ್ನು ಸರಿ ಮಾಡಿ. ಬೇಕಾದ ಟ್ರಿಮ್ಮನ್ನೂ ಈ ತೇಲಾಟದಲ್ಲೇ ಹಾಕಿ. ನೇರ ತೇಲಿ, ಮೋಟರ್ ಕೊಟ್ಟಾಗ ಮಾತ್ರ ಎಡಕ್ಕೆ ಎಳೆದರೆ ಆಗ ಮೋಟರಿನ ಕೋನಕ್ಕೆ ಕೈ ಹಾಕಿ.

ಶುರುವಿಗೆ 2 ಡಿಗ್ರಿ ಬಲಕ್ಕೆ, 2ರಿಂದ 3 ಡಿಗ್ರಿ ಕೆಳಕ್ಕೆ ಕೊಡಿ. ಮೋಟರ್ ಮೌಂಟಿನ ಎರಡು ಸ್ಕ್ರೂ ತೂತುಗಳ ನಡುವೆ 30 ಮಿಲಿಮೀಟರ್ ಇದ್ದರೆ, ಒಂದು ಕಡೆ 1 ಮಿಲಿಮೀಟರ್ ದಪ್ಪದ ವಾಷರ್ ಹಾಕಿದಾಗ ಹತ್ತಿರ ಹತ್ತಿರ 2 ಡಿಗ್ರಿ ಆಗುತ್ತದೆ. ತೂತುಗಳು ಹತ್ತಿರ ಇದ್ದರೆ ಅದೇ ವಾಷರ್ ಜಾಸ್ತಿ ಓರೆ ಮಾಡುತ್ತದೆ. ಬಲಕ್ಕೆ ತಿರುಗಿಸಲು ಎಡಗಡೆಯ ಸ್ಕ್ರೂಗಳ ಹತ್ತಿರ, ಕೆಳಕ್ಕೆ ಬಾಗಿಸಲು ಮೇಲಿನ ಸ್ಕ್ರೂಗಳ ಹತ್ತಿರ, ಮೌಂಟಿಗೂ ಫೈರ್‌ವಾಲ್‌ಗೂ (ಮೋಟರ್ ಕೂರುವ ಮೂತಿಯ ಹಲಗೆ) ನಡುವೆ ವಾಷರ್ ಇಡಿ. ಇಲ್ಲಿ ಎಡ ಬಲ ಅನ್ನುವುದು ವಿಮಾನದ ಹಿಂದೆ ನಿಂತಾಗಿನ ಎಡ ಬಲ. ಮುಂದೆ ಕೂತು ಸ್ಕ್ರೂ ತಿರುಗಿಸುವಾಗ ಇದು ಅದಲು ಬದಲಾಗುತ್ತದೆ, ಹುಷಾರು. ತೆಳು ವಾಷರ್ ಸಿಗದಿದ್ದರೆ ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ. ಅದು ಮುಕ್ಕಾಲು ಮಿಲಿಮೀಟರ್ ದಪ್ಪ ಇರುತ್ತದೆ, ಇದೇ ಮೌಂಟಿನಲ್ಲಿ ಸುಮಾರು ಒಂದೂವರೆ ಡಿಗ್ರಿ.

ಅಳೆಯುವುದು ಹೀಗೆ. ಬ್ಯಾಟರಿ ತೆಗೆದಿಡಿ. ಪ್ರೊಪೆಲ್ಲರನ್ನು ಅಡ್ಡಕ್ಕೆ ನಿಲ್ಲಿಸಿ, ಎರಡೂ ತುದಿಯಿಂದ ಬಾಲದ ನಡುಮಧ್ಯದ ಒಂದೇ ಚುಕ್ಕೆಗೆ ಟೇಪ್ ಹಿಡಿಯಿರಿ. 10 ಇಂಚಿನ ಪ್ರೊಪೆಲ್ಲರ್‌ನಲ್ಲಿ ಪ್ರತಿ ಡಿಗ್ರಿಗೆ ನಾಲ್ಕೂವರೆ ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಅಂದರೆ 2 ಡಿಗ್ರಿ ಬಲಕ್ಕಿದ್ದರೆ ಬಲತುದಿ ಬಾಲಕ್ಕೆ 9 ಮಿಲಿಮೀಟರ್ ಹತ್ತಿರ ಇರಬೇಕು. ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು.

ಮೂತಿ ಎತ್ತುವ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅರ್ಧ ಥ್ರಾಟಲ್‌ನಲ್ಲಿ ಸಮನಾಗಿ ಹಾರುತ್ತಿರುವಾಗ ಫುಲ್ ಕೊಟ್ಟು ಎಲಿವೇಟರ್ ಮುಟ್ಟದೆ ಸುಮ್ನೆ ನೋಡಿ. ತಕ್ಷಣ ಮೂತಿ ಎದ್ದರೆ ಡೌನ್ ಥ್ರಸ್ಟ್ (ಮೋಟರಿಗೆ ಕೆಳಕ್ಕೆ ಕೊಟ್ಟ ಓರೆ) ಸಾಲದು. ಎರಡು ಮೂರು ಸೆಕೆಂಡ್ ಆಗಿ, ವೇಗ ಬಂದ ಮೇಲೆ ಏಳಲು ಶುರು ಮಾಡಿದರೆ ಅದು ರೆಕ್ಕೆ ಮತ್ತು ಬಾಲದ ಕೋನಗಳ ವ್ಯತ್ಯಾಸದ ಕೆಲಸ, ಅಥವಾ ಸಿ.ಜಿ. ಸರಿ ಇಲ್ಲ. ಅದನ್ನು ಮೋಟರ್ ಬಾಗಿಸಿ ಮುಚ್ಚಲು ಹೋಗಬೇಡಿ. ತಳ ಚಪ್ಪಟೆ ಇರುವ ರೆಕ್ಕೆಯ ಟ್ರೈನರ್ ಫುಲ್ ಥ್ರಾಟಲ್‌ನಲ್ಲಿ ಸ್ವಲ್ಪ ಏರುವುದು ಅದರ ಗುಣ, ಪೂರ್ತಿ ತೆಗೆಯಬೇಕೆಂದೇನೂ ಇಲ್ಲ.

ಒಂದು ಸಲಕ್ಕೆ ಒಂದೇ ಕೋನ ಬದಲಿಸಿ. ಗಾಳಿ ಏಳುವ ಮೊದಲು, ಬೆಳಿಗ್ಗೆ ಹಾರಿಸಿ. ತೊಗರಿ ಕೊಯ್ದ ಹೊಲದ ಕೂಳೆ ಗಟ್ಟಿ ಕಟ್ಟಿಗೆ, ಇಳಿಯುವಾಗ ಫೋಮಿಗೆ ಚುಚ್ಚುತ್ತದೆ. ಕಡಲೆ ತೆಗೆದ ಹೊಲ ವಾಸಿ.

ಪ್ರಶ್ನೆ: ಹಳೆಯ ಡ್ರೋನ್ ಬಿಚ್ಚಿ ಅದರ ಮೋಟರ್, ಪ್ರೊಪೆಲ್ಲರ್ ಹಾಕಿದ್ದೇನೆ. ನಕ್ಷೆಯಲ್ಲಿದ್ದಂತೆ 2 ಡಿಗ್ರಿ ಬಲಕ್ಕೆ ಕೊಟ್ಟರೂ ವಿಮಾನ ಬಲಕ್ಕೇ ಜೋರಾಗಿ ಎಳೆಯುತ್ತದೆ. ಏಕೆ?
– ಓದುಗರು, ಬೀದರ್

ಉತ್ತರ: ನಾಲ್ಕು ಮೋಟರಿನ ಡ್ರೋನ್‌ನಲ್ಲಿ ಎರಡು ಪ್ರೊಪೆಲ್ಲರ್ ಒಂದು ಕಡೆಗೆ, ಎರಡು ಉಲ್ಟಾ ಸುತ್ತುತ್ತವೆ. ನಿಮಗೆ ಉಲ್ಟಾ ಸುತ್ತುವುದು ಸಿಕ್ಕಿರುವಂತಿದೆ. ಹಿಂದೆ ನಿಂತು ನೋಡಿ. ಎಡಕ್ಕೆ ಸುತ್ತುತ್ತಿದ್ದರೆ ಮೇಲೆ ಹೇಳಿದ್ದೆಲ್ಲ ತಿರುಗುಮುರುಗು, ನೀವು ಕೊಟ್ಟ ಓರೆ ಎಳೆತವನ್ನು ಇನ್ನೂ ಜಾಸ್ತಿ ಮಾಡುತ್ತಿದೆ. ಸುಲಭ ದಾರಿ ಅಂದರೆ ಮಾಮೂಲಿ ಪ್ರೊಪೆಲ್ಲರ್ ಹಾಕಿ, ಮೋಟರಿನ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡುವುದು. ಡೌನ್ ಥ್ರಸ್ಟ್ ಇದ್ದಂತೆಯೇ ಇರಲಿ, ಸುತ್ತುವ ದಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ನೀವು ಬೀದರಿನವರಾದ್ದರಿಂದ ಇನ್ನೊಂದು ಮಾತು. ಅಲ್ಲಿ ವಾಯುಪಡೆಯ ನೆಲೆ ಇದೆ. 2021ರ ಡ್ರೋನ್ ನಿಯಮಗಳು ಆರ್.ಸಿ. ವಿಮಾನಕ್ಕೂ ಅನ್ವಯಿಸುತ್ತವೆ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ವೆಬ್‌ಸೈಟಿನ ನಕ್ಷೆಯಲ್ಲಿ ಕೆಂಪು ಬಣ್ಣದ ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹೊಲ ಹುಡುಕುವ ಮೊದಲು ನಕ್ಷೆ ನೋಡಿ. ಕಲಬುರಗಿಯವರೂ ನೋಡಲೇಬೇಕು, 2019ರಿಂದ ಅಲ್ಲೂ ವಿಮಾನ ನಿಲ್ದಾಣ ಇದೆ.

ಪ್ರಶ್ನೆ: ಜನವರಿಯಲ್ಲಿ ನೇರ ಹಾರುತ್ತಿದ್ದ ವಿಮಾನ ಏಪ್ರಿಲ್‌ನಲ್ಲಿ ಮತ್ತೆ ಎಡಕ್ಕೆ ಎಳೆಯುತ್ತಿದೆ. ಏನೂ ಬದಲಿಸಿಲ್ಲ, ಎಲ್ಲೂ ಬಿದ್ದಿಲ್ಲ.
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಫೈರ್‌ವಾಲನ್ನು ಹಾಟ್ ಗ್ಲೂನಲ್ಲಿ ಅಂಟಿಸಿದ್ದೀರಾ? ಹಾಗಿದ್ದರೆ ನನ್ನ ಅನುಮಾನ ಅದರ ಮೇಲೇ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಮುಚ್ಚಿದ ಕಾರಿನಲ್ಲಿಟ್ಟ ವಿಮಾನದ ಹಾಟ್ ಗ್ಲೂ ಮೆತ್ತಗಾಗುತ್ತದೆ, ಮೇಲೆ ಮೋಟರಿನ ಕಾವು ಬೇರೆ. ಬ್ಯಾಟರಿ ತೆಗೆದು, ಪ್ರೊಪೆಲ್ಲರಿನ ನಡುಭಾಗವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಫೈರ್‌ವಾಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ತೆರೆದು ಮುಚ್ಚಿದರೂ ಸಾಕು, ಅಂಟು ಬಿಟ್ಟು ಮೋಟರಿನ ಕೋನ ಬದಲಾಗಿದೆ ಅಂತ ಅರ್ಥ.

ಹಳೆಯ ಗ್ಲೂ ಕಿತ್ತು, ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹಚ್ಚಿ. ಫೈರ್‌ವಾಲಿನ ಮೂಲೆಗಳಿಂದ ಫೋಮಿನೊಳಕ್ಕೆ ನಾಲ್ಕು ಬಿದಿರು ಕಡ್ಡಿ ಹೊಡೆದರೆ ಇನ್ನೂ ಗಟ್ಟಿ. ರಾತ್ರಿಯಿಡೀ ಒಣಗಲಿ. ಫೆವಿಕ್ವಿಕ್ ಬೇಡ, ಅದು ಥರ್ಮಾಕೋಲಿನಂಥ ಫೋಮನ್ನು ತಿಂದುಹಾಕುತ್ತದೆ. ಒಣಗಿದ ಮೇಲೆ ಪ್ರೊಪೆಲ್ಲರಿನ ಎರಡೂ ತುದಿಯಿಂದ ಬಾಲಕ್ಕೆ ಅಳೆದು, ಆ ಎರಡು ಅಳತೆಗಳನ್ನು ಮೂತಿಯ ಪಕ್ಕದಲ್ಲೇ ಪೆನ್ನಿನಿಂದ ಬರೆದಿಡಿ. ಪ್ರತಿ ಸಲ ಹೊಲಕ್ಕೆ ಹೋದಾಗ ಬ್ಯಾಟರಿ ಹಾಕುವ ಮೊದಲು ಒಮ್ಮೆ ಟೇಪ್ ಹಿಡಿದು ನೋಡಿ.