ಐಎಸ್‌ಎಸ್‌ಎನ್ ನಂಬರ್ ನೋಡಿ ಮೋಸ ಹೋಗಬೇಡಿ

ಕೆರೆ ನೀರಿನ ಬಗ್ಗೆ ಡಿಸರ್ಟೇಶನ್ ಬರೆಯುತ್ತಿದ್ದೀರಿ. 'ಕರೆಂಟ್ ಸೈನ್ಸ್', 'ಡೌನ್ ಟು ಅರ್ಥ್' ಎರಡಕ್ಕೂ ಐಎಸ್‌ಎಸ್‌ಎನ್ ಇದೆ, ಹಾಗಾದರೆ ಎರಡೂ ಜರ್ನಲ್ (ತಜ್ಞರು ಪರಿಶೀಲಿಸಿದ ಸಂಶೋಧನಾ ಪ್ರಬಂಧಗಳ ಪತ್ರಿಕೆ) ತಾನೇ ಅಂತ ಕೇಳಿದ್ದೀರಿ. ಅಲ್ಲ. ಅದು ನಿಯತವಾಗಿ ಬರುವ ಪತ್ರಿಕೆಗಳನ್ನು ಗುರುತಿಸಲು ಕೊಡುವ ನಂಬರು ಅಷ್ಟೇ, ವಾರಪತ್ರಿಕೆಗೂ ಸಿಗುತ್ತದೆ. ಅದರಿಂದ ಗುಣಮಟ್ಟ ಗೊತ್ತಾಗುವುದಿಲ್ಲ.

1932ರಿಂದ ಬೆಂಗಳೂರಿನಿಂದ ಬರುತ್ತಿರುವ 'ಕರೆಂಟ್ ಸೈನ್ಸ್' ಜರ್ನಲ್. ಅದರಲ್ಲೊಂದು ಸಂಶೋಧನಾ ಪ್ರಬಂಧ ತೆಗೆದು ನೋಡಿ. ಬರೆದವರ ಹೆಸರಿನ ಜೊತೆಗೇ ಅವರ ಸಂಸ್ಥೆ, ವಿಭಾಗ ಇರುತ್ತದೆ. ನೀರಿನ ಮಾದರಿ ಹೇಗೆ ತೆಗೆದರು, ಹೇಗೆ ಪರೀಕ್ಷೆ ಮಾಡಿದರು ಅಂತ ವಿವರ ಇರುತ್ತದೆ. ಕೊನೆಯಲ್ಲಿ ಆಧಾರಗಳ ಉದ್ದ ಪಟ್ಟಿ, ಜೊತೆಗೆ ಪ್ರಬಂಧ ಕೈಸೇರಿದ ದಿನ, ಒಪ್ಪಿಕೊಂಡ ದಿನ. ನಾನು ಮೊದಲು ನೋಡುವುದೇ ಆ ಎರಡು ದಿನಾಂಕಗಳನ್ನು. ನಡುವಿನ ತಿಂಗಳುಗಳಲ್ಲಿ ಅದೇ ವಿಷಯದ ಬೇರೆ ತಜ್ಞರು ಓದಿ, ತಪ್ಪು ತೋರಿಸಿ, ತಿದ್ದಿಸಿರುತ್ತಾರೆ.

'ಡೌನ್ ಟು ಅರ್ಥ್' ದೆಹಲಿಯ ಮ್ಯಾಗಜೀನ್. ವರದಿಗಾರರು ಬರೆಯುತ್ತಾರೆ, ಸಂಪಾದಕರು ನೋಡುತ್ತಾರೆ. ಒಳ್ಳೆಯ ಪತ್ರಿಕೆ, ಸುಮ್ನೆ ತಳ್ಳಿಹಾಕಬೇಡಿ. ಅಲ್ಲಿ ಯಾವುದಾದರೂ ಅಧ್ಯಯನದ ಮಾತು ಬಂದರೆ ಅದರ ಮೂಲ ಪ್ರಬಂಧ ಹುಡುಕಿ, ಅದನ್ನೇ ಉಲ್ಲೇಖಿಸಿ.

ಇನ್ನೊಂದು ಎಡವಟ್ಟು ಇದೆ. ಜರ್ನಲ್‌ನಲ್ಲಿ ಬಂದದ್ದೆಲ್ಲ ಸಂಶೋಧನೆ ಅಲ್ಲ. 'ನೇಚರ್'ನಲ್ಲಿ ಸುದ್ದಿ ಪುಟಗಳೂ ಇವೆ, ಅವನ್ನು ಬರೆಯುವವರು ಪತ್ರಕರ್ತರು. ಎಂಎಸ್ಸಿಯಲ್ಲಿ ನಾನು ಅಂಥದ್ದೊಂದನ್ನು ಪ್ರಬಂಧ ಅಂತಲೇ ನನ್ನ ಆಧಾರಗಳ ಪಟ್ಟಿಗೆ ಸೇರಿಸಿದ್ದೆ. ಗೈಡ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇದು ನ್ಯೂಸ್ ಅಲ್ವಾ?" ಅಂದರು. 'ಕರೆಂಟ್ ಸೈನ್ಸ್'ನಲ್ಲೂ ಸಂಪಾದಕೀಯ, ಪುಸ್ತಕ ವಿಮರ್ಶೆ, ಓದುಗರ ಪತ್ರ ಇರುತ್ತವೆ. ಪುಟದ ಮೇಲಿನ ವಿಭಾಗದ ಹೆಸರು ನೋಡಿಕೊಂಡೇ ಪಟ್ಟಿಗೆ ಹಾಕಿ.